ಐಸ್ ಮಾಚಾ ಲಾಟೆಗೆ ಯಾವ ಸಸ್ಯಜನ್ಯ ಹಾಲು? ಮುಂಬೈ ಅಡುಗೆಮನೆಯಿಂದ ಒಂದು ಹೋಲಿಕೆ

ಮಾಚಾ ಎಂದರೆ ಜಪಾನಿನ ಹಸಿರು ಚಹಾ ಎಲೆಯ ನುಣ್ಣನೆಯ ಪುಡಿ, ಅದನ್ನು ಹಾಲಿಗೆ ಬೆರೆಸಿದ ಪಾನೀಯ ಮಾಚಾ ಲಾಟೆ. ಮನೆಯಲ್ಲೇ ಐಸ್ ಹಾಕಿದ ಮಾಚಾ ಲಾಟೆ ಮಾಡಬೇಕು, ಆದರೆ ಹಸುವಿನ ಹಾಲು ಬೇಡ ಎನ್ನುವವರಿಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗೋಡಂಬಿ ಹಾಲು. ಅದೂ ಮನೆಯಲ್ಲೇ ರುಬ್ಬಿದ್ದು. ರುಬ್ಬಲು ಪುರುಸೊತ್ತಿಲ್ಲದವರು ಪೊಟ್ಟಣದ ಓಟ್ಸ್ ಹಾಲು ತರಲಿ. ಪ್ರೋಟೀನ್ ಬೇಕೇ ಬೇಕು ಎನ್ನುವವರಿಗೆ ಸೋಯಾ. ಬಾದಾಮಿ ಹಾಲನ್ನು, ಅದು ಆಗಲೇ ಮನೆಯಲ್ಲಿದ್ದರೆ ಮಾತ್ರ ಬಳಸಿ. ತೆಂಗಿನ ಹಾಲಿಲ್ಲದೆ ನಮ್ಮ ಹಬ್ಬದ ಪಾಯಸ ಆಗುವುದಿಲ್ಲ, ನಿಜ. ಈ ಲೋಟದಲ್ಲಿ ಮಾತ್ರ ಅದಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಜಾಗವಿಲ್ಲ.

ಈ ಕ್ರಮವನ್ನು ನೋಡಿ ಕೆಲವರು ಹುಬ್ಬೇರಿಸಬಹುದು. ಬಾಂದ್ರಾದಿಂದ ಪೊವಾಯಿಯವರೆಗೆ ಮಾಚಾ ಕೊಡುವ ಕೆಫೆಗಳಲ್ಲಿ ಹಸುವಿನ ಹಾಲು ಬೇಡ ಎಂದೊಡನೆ ಸಾಮಾನ್ಯವಾಗಿ ಬರುವ ಪ್ರಶ್ನೆ ‘ಓಟ್ಸ್ ಹಾಲು ಆಗಬಹುದೇ’ ಎಂಬುದು. ಅವರಿಗೆ ಅದಕ್ಕೆ ಕಾರಣವಿದೆ. ಅದೇ ಪೊಟ್ಟಣದ ಹಾಲಿಗೆ ಹಬೆ ಹಾಯಿಸಿ ಬಿಸಿ ಕಾಫಿಗೂ ನೊರೆ ಬರಿಸಬೇಕು. ಬೆಳಗಿನಿಂದ ರಾತ್ರಿಯವರೆಗೆ ರುಚಿ ಒಂದೇ ತೆರನಾಗಿರಬೇಕು. ಮನೆಯಲ್ಲಿ ಎರಡು ಲೋಟ ಮಾಡಿಕೊಂಡು ಕುಡಿಯುವವರಿಗೆ ಈ ಕಟ್ಟುಪಾಡು ಯಾವುದೂ ಇಲ್ಲ. ಅಲ್ಲದೆ ಐಸ್ ಹಾಕಿದ ಲೋಟಕ್ಕೆ ನೊರೆ ಬೇಕಿಲ್ಲ. ಬೇಕಾದದ್ದು ತಣ್ಣಗಾದಾಗಲೂ ಒಡೆಯದೆ, ನೀರಾಗದೆ, ಮಾಚಾದ ವಾಸನೆಯನ್ನು ಮುಚ್ಚದೆ ಇರುವ ಹಾಲು. ಮೇ ತಿಂಗಳ ಅಥವಾ ಅಕ್ಟೋಬರ್‌ನ ಸೆಖೆಯಲ್ಲಿ ಮುಲುಂಡ್‌ನ ನಮ್ಮ ಅಡುಗೆಮನೆಯಿಂದ ಲೋಟವನ್ನು ಹಿಡಿದು ಹೊರಕೋಣೆಗೆ ಬಂದು ಕೂರುವಷ್ಟರಲ್ಲಿ ಐಸ್‌ನ ಅಂಚು ಕರಗಿರುತ್ತದೆ. ಆ ನೀರನ್ನು ತಾಳಿಕೊಳ್ಳುವ ಶಕ್ತಿ ಹಾಲಿಗಿರಬೇಕು.

ಮಾಚಾದ ಸ್ವಭಾವ ತಿಳಿದರೆ ಹಾಲಿನ ಆಯ್ಕೆ ಅರ್ಧ ಮುಗಿದಂತೆ. ಕೊಯ್ಲಿಗೆ ಮೂರು ನಾಲ್ಕು ವಾರ ಇರುವಾಗಲೇ ಜಪಾನಿನ ಬೆಳೆಗಾರರು ಚಹಾ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲು ಕಡಿಮೆಯಾದ ಎಲೆ ಹೆಚ್ಚು ಹರಿತ್ತನ್ನು ತುಂಬಿಕೊಳ್ಳುತ್ತದೆ. ಸವಿ ಕೊಡುವ ಥಿಯಾನಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಹೆಚ್ಚಾಗಿ ಉಳಿಯುತ್ತದೆ, ಒಗರು ಕೊಡುವ ಕ್ಯಾಟೆಚಿನ್ ಕಡಿಮೆಯಾಗುತ್ತದೆ. ಎಲೆಯನ್ನು ಹಬೆಯಲ್ಲಿ ಬಾಡಿಸಿ, ಒಣಗಿಸಿ, ದಂಟು ನಾರು ತೆಗೆದು ಬೀಸುಕಲ್ಲಿನಲ್ಲಿ ಪುಡಿ ಮಾಡುತ್ತಾರೆ. ಒಂದು ಬೀಸುಕಲ್ಲಿನಿಂದ ಗಂಟೆಗೆ 30ರಿಂದ 40 ಗ್ರಾಂ ಮಾತ್ರ ಬರುತ್ತದೆ. ಒಳ್ಳೆಯ ಮಾಚಾ ದುಬಾರಿಯಾಗಲು ಇದೂ ಒಂದು ಕಾರಣ. ಕಾಫಿ ಡಿಕಾಕ್ಷನ್‌ನಂತೆ ಇದರ ಸಾರ ಮಾತ್ರ ನೀರಿಗಿಳಿಯುವುದಲ್ಲ, ಇಡೀ ಎಲೆಯೇ ಪುಡಿಯಾಗಿ ಲೋಟದಲ್ಲಿರುತ್ತದೆ. ಆ ಪುಡಿ ಕರಗುವುದಿಲ್ಲ, ತೇಲುತ್ತದೆ. ತೆಳು ಹಾಲಿನಲ್ಲಿ ಬೇಗ ತಳಕ್ಕಿಳಿಯುತ್ತದೆ, ಮೈಯುಳ್ಳ ಹಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಲಿನಲ್ಲಿರುವ ಪ್ರೋಟೀನ್ ಕ್ಯಾಟೆಚಿನ್‌ಗಳಿಗೆ ಅಂಟಿಕೊಂಡು ಒಗರನ್ನು ತಗ್ಗಿಸುತ್ತದೆ. ಕೊಬ್ಬು ನಾಲಗೆಯನ್ನು ನುಣುಪಾಗಿಸುತ್ತದೆ. ಇವೆರಡೂ ಇಲ್ಲದ ಹಾಲಿನಲ್ಲಿ ಮಾಚಾ ಹುಲ್ಲಿನ ನೀರಿನಂತೆ ಒರಟಾಗುತ್ತದೆ.

ಗೋಡಂಬಿ ಹಾಲು

ಗೋಡಂಬಿಯ ತೂಕದಲ್ಲಿ ಸುಮಾರು ಶೇ. 44 ಕೊಬ್ಬು, ಶೇ. 18 ಪ್ರೋಟೀನ್, ಉಳಿದುದರಲ್ಲಿ ಬಹುಪಾಲು ಪಿಷ್ಟ ಮತ್ತು ಒಂದಿಷ್ಟು ಸಕ್ಕರೆ. ಬೀಜ ಎಷ್ಟು ಮೆತ್ತಗೆಂದರೆ ನೆನೆಸಿ ರುಬ್ಬಿದ ಮೇಲೆ ಶೋಧಿಸಬೇಕಾಗಿಲ್ಲ. ಇಡೀ ಬೀಜ ಹಾಲಿನೊಳಗೇ ಉಳಿಯುತ್ತದೆ. ಬಾದಾಮಿ, ಸೋಯಾ, ಓಟ್ಸ್ ಮೂರರಲ್ಲೂ ಬಟ್ಟೆಯಲ್ಲಿ ಶೋಧಿಸಿ ಚರಟವನ್ನು ತೆಗೆಯಬೇಕು. ಒಂದು ಲೋಟಕ್ಕಾಗಿ ಆ ಶ್ರಮ ಹೆಚ್ಚೆನಿಸುತ್ತದೆ. ಗೋಡಂಬಿಯಲ್ಲಿ ಮಿಕ್ಸರ್ ಜಾರ್ ಒಂದನ್ನು ತೊಳೆದರೆ ಕೆಲಸ ಮುಗಿಯಿತು.

ಬಣ್ಣದಲ್ಲೂ ಇದನ್ನು ಮೀರಿಸುವ ಹಾಲಿಲ್ಲ. ಓಟ್ಸ್ ಹಾಲು ತಿಳಿ ಕಂದು, ಅದರಲ್ಲಿ ಮಾಚಾ ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಸೋಯಾ ಹಳದಿ ಛಾಯೆಯದು. ಗೋಡಂಬಿ ಹಾಲು ಹೆಚ್ಚು ಕಡಿಮೆ ಅಪ್ಪಟ ಬಿಳಿ, ಹಾಗಾಗಿ ಹಸಿರು ಹಸಿರಾಗಿಯೇ ಕಾಣುತ್ತದೆ.

ಅಂಗಡಿಯಲ್ಲಿ ದೊಡ್ಡ ಬೀಜಕ್ಕೆ ಹಣ ಸುರಿಯಬೇಡಿ. ಡಬ್ಲ್ಯೂ 320 ಎಂಬ ದರ್ಜೆಯೆಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ಎಂದಷ್ಟೇ. ರುಬ್ಬುವವರಿಗೆ ಆ ಲೆಕ್ಕದಿಂದ ಏನೂ ಲಾಭವಿಲ್ಲ. ಮಾಟುಂಗಾದ ದಿನಸಿ ಅಂಗಡಿಯಲ್ಲಾಗಲಿ ಮಸೀದಿ ಬಂದರ್‌ನ ಒಣಹಣ್ಣಿನ ಅಂಗಡಿಯಲ್ಲಾಗಲಿ ‘ಕಾಜೂ ತುಕಡಾ’ ಎಂದು ಕೇಳಿದರೆ ಒಡೆದ ಗೋಡಂಬಿಯನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಊರಿಗೆ ಹೋದವರು ಮಂಗಳೂರಿನಿಂದ ತಂದದ್ದಾದರೂ ಸರಿ, ಕೊಂಕಣದ ವೆಂಗುರ್ಲಾ ಕಡೆಯದಾದರೂ ಸರಿ. ಕೊಳ್ಳುವ ಮೊದಲು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೋಡಿ. ಮಳೆಗಾಲದಲ್ಲಿ ಸಡಿಲ ಚೀಲದಲ್ಲಿಟ್ಟ ಗೋಡಂಬಿ ಬೇಗ ಕಮಟು ಹಿಡಿಯುತ್ತದೆ. ಆ ಕಮಟನ್ನು ಸಕ್ಕರೆಯಿಂದಾಗಲಿ ಮಾಚಾದಿಂದಾಗಲಿ ಮುಚ್ಚಲು ಆಗುವುದಿಲ್ಲ. ಹುರಿದದ್ದು, ಉಪ್ಪು ಹಾಕಿದ್ದು ಬೇಡ.

ಒಂದು ಲೋಟಕ್ಕೆ 20 ಗ್ರಾಂ ಗೋಡಂಬಿ ಸಾಕು, ಇಡೀ ಬೀಜವಾದರೆ ಹದಿನಾಲ್ಕು. ಬಿಸಿನೀರಿನಲ್ಲಾದರೆ ಅರ್ಧ ಗಂಟೆ, ತಣ್ಣೀರಿನಲ್ಲಾದರೆ ಮೂರು ಗಂಟೆ ನೆನೆಸಿ. ರಾತ್ರಿಯೇ ನೆನೆಹಾಕುವುದಾದರೆ ಪಾತ್ರೆ ಫ್ರಿಜ್ಜಿನಲ್ಲಿರಲಿ. ಮುಂಬೈಯ ಸೆಖೆಗೆ ಹೊರಗಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳಿವಾಸನೆ ಬರುತ್ತದೆ. ನೆನೆದ ನೀರನ್ನು ಚೆಲ್ಲಿ, ಸಣ್ಣ ಚಟ್ನಿ ಜಾರ್‌ನಲ್ಲಿ ಎರಡು ಮೂರು ಚಮಚ ನೀರಷ್ಟೇ ಹಾಕಿ ಮೊದಲು ಗಟ್ಟಿಯಾಗಿ ರುಬ್ಬಬೇಕು. ಎಲ್ಲ ನೀರನ್ನೂ ಒಮ್ಮೆಲೇ ಸುರಿದರೆ ಚೂರುಗಳು ಬ್ಲೇಡಿಗೆ ಸಿಗದೆ ಸುತ್ತುತ್ತಲೇ ಇರುತ್ತವೆ. ರುಬ್ಬಿದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ: ತರಿ ತಾಗಿದರೆ ಇನ್ನೊಂದು ಸುತ್ತು, ಬೆಣ್ಣೆಯಷ್ಟು ನುಣುಪಾಗಿ ಬೆರಳು ಜಾರಿದರೆ ಸಾಕು. ಆಮೇಲೆ 160 ಮಿಲಿಲೀಟರ್ ತಣ್ಣೀರು, ಒಂದು ಚಿಟಿಕೆ ಉಪ್ಪು ಹಾಕಿ ಕೆಲವು ಕ್ಷಣ ತಿರುಗಿಸಿ. ಉಪ್ಪಿನ ರುಚಿ ಬರಬಾರದು. ಮಾಚಾದ ಕಹಿ ಸ್ವಲ್ಪ ಹಿಂದೆ ಸರಿಯಲು ಅಷ್ಟು ಸಾಕು.

ಇದರ ಕೊರತೆಯೆಂದರೆ, ಕಾಯಿಸಿದರೆ ಪಿಷ್ಟ ಬೆಂದು ಹಾಲು ಮಂದವಾಗಿಬಿಡುತ್ತದೆ. ಬಿಸಿ ಲಾಟೆಗೆ ಗೋಡಂಬಿಯನ್ನು ನಾನು ಶಿಫಾರಸು ಮಾಡದಿರುವುದು ಅದಕ್ಕೇ. ತಣ್ಣನೆಯ ಲೋಟದಲ್ಲಿ ಆ ತೊಂದರೆಯೇ ಇಲ್ಲ. ಇನ್ನೊಂದು, ಮನೆಯಲ್ಲಿ ರುಬ್ಬಿದ ಹಾಲಿನಲ್ಲಿ ಹಸುವಿನ ಹಾಲಿನಷ್ಟು ಕ್ಯಾಲ್ಸಿಯಂ ಇರುವುದಿಲ್ಲ, ಬಿ12 ಅಂತೂ ಇಲ್ಲವೇ ಇಲ್ಲ. ಹಾಲನ್ನು ಪೂರ್ತಿ ಬಿಟ್ಟವರು ಅದನ್ನು ಬೇರೆ ದಾರಿಯಿಂದ ತುಂಬಿಕೊಳ್ಳಲೇಬೇಕು.

ಓಟ್ಸ್: ಮನೆಯದೋ, ಪೊಟ್ಟಣದ್ದೋ

ಇಲ್ಲಿ ನನ್ನ ಅಭಿಪ್ರಾಯ ಖಚಿತ: ಓಟ್ಸ್ ಹಾಲನ್ನು ಕೊಂಡು ತನ್ನಿ, ಮನೆಯಲ್ಲಿ ಮಾಡಲು ಹೋಗಬೇಡಿ. ಪೊಟ್ಟಣದ ಓಟ್ಸ್ ಹಾಲಿನ ಸಿಹಿಯೂ ನಯವೂ ಬರುವುದು ಕಿಣ್ವಗಳಿಂದ. ಓಟ್ಸ್‌ನ ಪಿಷ್ಟವನ್ನು ಕಿಣ್ವಗಳು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತವೆ. ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ತೆ 1990ರ ದಶಕದಲ್ಲಿ ಬೆಳೆಸಿದ ವಿಧಾನ ಅದು. ಮನೆಯ ಮಿಕ್ಸರ್‌ನಲ್ಲಿ ಆ ಕ್ರಿಯೆ ನಡೆಯುವುದಿಲ್ಲ. ಪಿಷ್ಟ ಪಿಷ್ಟವಾಗಿಯೇ ಉಳಿದು, ಬೀಟಾ ಗ್ಲೂಕನ್ ಎಂಬ ನಾರು ಸೇರಿಕೊಂಡು ಹಾಲು ಲೋಳೆಯಾಗುತ್ತದೆ. ಮಾಡಲೇಬೇಕು ಎಂಬ ಹಟವಿದ್ದವರು ಸಾದಾ ರೋಲ್ಡ್ ಓಟ್ಸ್ ತೆಗೆದುಕೊಂಡು, ಐಸ್ ತಣ್ಣೀರಿನಲ್ಲಿ ಅರ್ಧ ನಿಮಿಷಕ್ಕಿಂತ ಕಡಿಮೆ ತಿರುಗಿಸಿ, ಬಟ್ಟೆಯನ್ನು ಹಿಂಡದೆ ತಾನಾಗಿ ಸೋರಲು ಬಿಡಲಿ. ಹಿಂಡಿದೊಡನೆ ಲೋಳೆ ಇಳಿಯುತ್ತದೆ.

ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿ. ‘ಬರಿಸ್ತಾ’ (ಕೆಫೆಯಲ್ಲಿ ಕಾಫಿ ಮಾಡುವವರು) ಎಂದು ಬರೆದ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಎಣ್ಣೆ, ಜೊತೆಗೆ ಕಾಫಿಯ ಆಮ್ಲಕ್ಕೆ ಹಾಲು ಒಡೆಯದಂತೆ ತಡೆಯುವ ಫಾಸ್ಫೇಟ್ ಇರುತ್ತದೆ. ಐಸ್ ಮಾಚಾಕ್ಕೆ ಆ ಫಾಸ್ಫೇಟ್ ಅಗತ್ಯವಿಲ್ಲ, ಎಣ್ಣೆ ಮಾತ್ರ ಉಪಯೋಗಕ್ಕೆ ಬರುತ್ತದೆ: ಕರಗಿದ ಐಸ್‌ನ ನೀರು ಸೇರಿದ ಮೇಲೂ ಹಾಲು ತೆಳುವೆನಿಸುವುದಿಲ್ಲ. ಸಾದಾ ಪೊಟ್ಟಣಕ್ಕೂ ಇದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವಿಲ್ಲದಿದ್ದರೆ ಇದನ್ನೇ ತನ್ನಿ. ಸಕ್ಕರೆ ಸೇರಿಸಿಲ್ಲ ಎಂದಿದ್ದರೂ ಮಾಲ್ಟೋಸ್‌ನ ಸಿಹಿ ಇದ್ದೇ ಇರುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೊಟ್ಟಣವನ್ನು ಚೆನ್ನಾಗಿ ಕುಲುಕಿ ಸುರಿಯಿರಿ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ.

ಸೋಯಾ

ವಿಲೆಪಾರ್ಲೆಯಲ್ಲಿರುವ ನನ್ನ ಅಕ್ಕನ ಮಗಳು ವ್ಯಾಯಾಮ ಮುಗಿಸಿ ನಮ್ಮ ಮನೆಗೆ ಬಂದರೆ ‘ಚಿಕ್ಕಮ್ಮ, ನನಗೆ ಸೋಯಾದಲ್ಲೇ ಮಾಡಿಕೊಡಿ’ ಎನ್ನುತ್ತಾಳೆ. ಅವಳ ಲೆಕ್ಕ ಸರಿಯಾಗಿದೆ. ಸಿಹಿ ಸೇರಿಸದ ಸೋಯಾ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 3 ಗ್ರಾಂ ಪ್ರೋಟೀನ್ ಇರುತ್ತದೆ, ಹೆಚ್ಚು ಕಡಿಮೆ ಹಸುವಿನ ಹಾಲಿನಷ್ಟೇ. ಒಗರನ್ನು ತಗ್ಗಿಸುವುದರಲ್ಲಿ ಈ ಸಾಲಿನಲ್ಲಿ ಇದೇ ಮುಂದು. ಬಿಸಿ ಕಾಫಿಯಲ್ಲಿ ಒಡೆಯುವ ಸೋಯಾ ಹಾಲು ಮಾಚಾದಲ್ಲಿ ಒಡೆಯುವುದಿಲ್ಲ, ಏಕೆಂದರೆ ಮಾಚಾದಲ್ಲಿ ಕಾಫಿಯಷ್ಟು ಹುಳಿ ಇಲ್ಲ.

ತೊಡಕು ವಾಸನೆಯದು. ಸೋಯಾ ಕಾಳನ್ನು ಒಡೆದು ನೀರು ತಾಗಿದೊಡನೆ ಲೈಪಾಕ್ಸಿಜಿನೇಸ್ ಎಂಬ ಕಿಣ್ವ ಅದರ ಕೊಬ್ಬಿನ ಮೇಲೆ ಕೆಲಸ ಮಾಡಿ ಹಸಿಕಾಳಿನ ವಾಸನೆ ಹುಟ್ಟಿಸುತ್ತದೆ. ಮನೆಯಲ್ಲಿ ಮಾಡುವವರು ನೆನೆಸಿದ ಕಾಳನ್ನು ಕುದಿಯುವ ನೀರಿನೊಂದಿಗೆ ರುಬ್ಬಿದರೆ ಆ ಕಿಣ್ವ ಅಲ್ಲೇ ಸಾಯುತ್ತದೆ, ವಾಸನೆ ಬಹಳಷ್ಟು ಕಡಿಮೆಯಾಗುತ್ತದೆ. ಜಾರ್‌ನ ಮುಚ್ಚಳದಲ್ಲಿ ಹಬೆ ಹೋಗಲು ದಾರಿ ಇರಲಿ. ಶೋಧಿಸಿದ ಹಾಲನ್ನು ಕಡಿಮೆ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸುವುದು ಕಡ್ಡಾಯ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಟ್ರಿಪ್ಸಿನ್ ನಿರೋಧಕಗಳಿವೆ. ಪೊಟ್ಟಣದ ಸೋಯಾ ಆದರೆ ವೆನಿಲಾ, ಚಾಕೊಲೇಟ್ ಬೆರೆಸಿದ್ದೇ ಕಣ್ಣಿಗೆ ಬೀಳುವುದು ಹೆಚ್ಚು. ವೆನಿಲಾ ಬಂತೆಂದರೆ ಮಾಚಾ ಇದ್ದೂ ಇಲ್ಲದಂತೆ. ಸಾದಾ ಸಿಗದಿದ್ದರೆ ಬೇರೆ ಹಾಲಿಗೆ ಹೋಗಿ.

ಬಾದಾಮಿ ಮತ್ತು ತೆಂಗು

ಬಾದಾಮಿ ಹಾಲಿಗೆ ಇರುವ ಹೆಸರು ಈ ಲೋಟದಲ್ಲಿ ಉಳಿಯುವುದಿಲ್ಲ. ರಾತ್ರಿ ನೆನೆಸಿ, ಸಿಪ್ಪೆ ಸುಲಿದು, ರುಬ್ಬಿ, ಹಿಂಡಿದ ಮೇಲೆ ಕೈಗೆ ಬರುವುದು ತೆಳು ಹಾಲು. ಬೀಜದ ಸತ್ವದಲ್ಲಿ ದೊಡ್ಡ ಪಾಲು ಚರಟದಲ್ಲೇ ಉಳಿಯುತ್ತದೆ. ಐಸ್ ಕರಗುತ್ತಿದ್ದಂತೆ ಅದು ಇನ್ನೂ ತೆಳುವಾಗಿ ಹಸಿರು ಪುಡಿ ತಳ ಸೇರುತ್ತದೆ.

ತೆಂಗಿನ ಹಾಲಿನ ವಿಷಯ ಬೇರೆ. ಅದರಲ್ಲಿ ಕೊಬ್ಬಿಗೆ ಕೊರತೆಯಿಲ್ಲ. ಆದರೆ ಆ ಕೊಬ್ಬು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಪುಣೆಯ ಬಂಧುಗಳ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಹೆಪ್ಪುಗಟ್ಟಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐಸ್ ಲೋಟದಲ್ಲಿ ಅದೇ ನಡೆಯುತ್ತದೆ. ಮನೆಯಲ್ಲಿ ಹಿಂಡಿದ ದಪ್ಪ ಹಾಲನ್ನು ಐಸ್ ಮೇಲೆ ಸುರಿದು ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಿರಿ. ಐಸ್‌ಗೆ ತಾಗಿದ ಕಡೆಯಲ್ಲೆಲ್ಲ ಬಿಳಿಯ ಸಣ್ಣ ಚಕ್ಕೆಗಳು ಅಂಟಿರುತ್ತವೆ. ಹಸಿರು ಬಣ್ಣ ಅವುಗಳ ಸುತ್ತ ಮಚ್ಚೆ ಮಚ್ಚೆಯಾಗಿ ನಿಲ್ಲುತ್ತದೆ. ಕುಡಿದರೆ ಆ ಚಕ್ಕೆ ಅಂಗುಳಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ನೀರು ಬೆರೆಸಿ ಎರಡನೆಯ ಹಾಲನ್ನಷ್ಟೇ ಬಳಸಿದರೆ ಚಕ್ಕೆ ಕಡಿಮೆ, ಆದರೂ ತೆಂಗಿನ ಪರಿಮಳ ಮಾಚಾವನ್ನು ಮೀರಿಸುತ್ತದೆ. ಆ ಪರಿಮಳ ಇಷ್ಟವಿದ್ದರೆ ಗೋಡಂಬಿ ಹಾಲಿಗೆ ಎರಡು ಚಮಚ ತೆಂಗಿನ ಹಾಲು ಬೆರೆಸಿ. ಇದು ಬಹಳ ಚೆನ್ನಾಗಿರುತ್ತದೆ, ಮನಸ್ಸಿಟ್ಟು ಹೇಳುತ್ತಿದ್ದೇನೆ.

ಅಕ್ಕಿ ಹಾಲು ಬರೀ ಸಿಹಿ ನೀರು. ಶೇಂಗಾ ಹಾಲಿನ ವಾಸನೆ ಮಾಚಾದೊಂದಿಗೆ ಒಗ್ಗುವುದಿಲ್ಲ.

ಖರ್ಚು

ಅಂಗಡಿಯಿಂದ ಅಂಗಡಿಗೆ ಬೆಲೆ ಬದಲಾಗುತ್ತದೆ, ಆದ್ದರಿಂದ ಲೆಕ್ಕ ಹಾಕುವ ಬಗೆಯನ್ನು ಹೇಳುತ್ತೇನೆ. ತುಕಡಾ ಗೋಡಂಬಿ ಕಿಲೋಗೆ 800 ರೂಪಾಯಿ ಎಂದು ಹಿಡಿದರೆ 20 ಗ್ರಾಂಗೆ 16 ರೂಪಾಯಿ. ಓಟ್ಸ್ ಹಾಲು ಲೀಟರಿಗೆ 300 ಎಂದು ಹಿಡಿದರೆ 180 ಮಿಲಿಲೀಟರಿಗೆ 54. ಮಾಚಾ 30 ಗ್ರಾಂ ಡಬ್ಬಿಗೆ 1,200 ಎಂದು ಹಿಡಿದರೆ ಲೋಟಕ್ಕೆ ಬೇಕಾದ 2 ಗ್ರಾಂಗೆ 80. ಖರ್ಚಿನ ಭಾರವೆಲ್ಲ ಮಾಚಾದಲ್ಲೇ ಇದೆ. ಹಾಲಿನಲ್ಲಿ ಉಳಿಸಿದ ಹಣವನ್ನು ಮಾಚಾಕ್ಕೆ ಹಾಕುವುದು ಜಾಣತನ.

ಆದರೆ ಡಬ್ಬಿಯ ಮೇಲಿನ ‘ಸೆರಿಮೋನಿಯಲ್’, ಅಂದರೆ ಚಹಾ ಸಮಾರಂಭಕ್ಕೆ ತಕ್ಕ ದರ್ಜೆ, ಎಂಬ ಮಾತಿಗೆ ಮಾತ್ರ ಹಣ ಕೊಡಬೇಡಿ. ಆ ದರ್ಜೆಗೆ ಜಪಾನಿನಲ್ಲೂ ಕಾನೂನಿನ ವ್ಯಾಖ್ಯೆಯಿಲ್ಲ. ಯಾರು ಬೇಕಾದರೂ ಡಬ್ಬಿಯ ಮೇಲೆ ಮುದ್ರಿಸಬಹುದು. ಎಲೆ ಉಜಿ, ನಿಶಿಯೊ, ಕಾಗೋಷಿಮಾ ಹೀಗೆ ಯಾವ ಊರಿನದೆಂದು ಬರೆದಿದ್ದಾರೆಯೇ, ಕೊಯ್ಲಿನ ಅಥವಾ ಪ್ಯಾಕ್ ಮಾಡಿದ ದಿನಾಂಕವಿದೆಯೇ ಎಂದು ನೋಡಿ. ಮನೆಗೆ ತಂದ ಮೇಲೆ ಒಂದು ಚಿಟಿಕೆಯನ್ನು ಬಿಳಿ ಕಾಗದದ ಮೇಲೆ ಬೆರಳಿನಿಂದ ಎಳೆಯಿರಿ. ಉಜ್ವಲ ಹಸಿರು ಗೆರೆ ಮೂಡಿದರೆ ಸರಿ. ಖಾಕಿ ಬಣ್ಣಕ್ಕಿದ್ದರೆ ಅದು ಹಳೆಯ ಮಾಚಾ, ಇಲ್ಲವೇ ನೆರಳು ಕಾಣದ ಸಾದಾ ಗ್ರೀನ್ ಟೀ ಪುಡಿ. ಹಾಲು ಬೆರೆಸಿ ಕುಡಿಯುವವರಿಗೆ ಅತಿ ದುಬಾರಿಯದು ಬೇಕಿಲ್ಲ; ಅದರ ಸೂಕ್ಷ್ಮ ಸವಿ ಹಾಲಿನಲ್ಲಿ ಕಾಣೆಯಾಗುತ್ತದೆ. ಮಧ್ಯಮ ಬೆಲೆಯ, ಹೊಸದಾದ ಡಬ್ಬಿ ಸಾಕು.

ಲೋಟ ಕಟ್ಟುವ ಬಗೆ

ಒಂದು ಸಣ್ಣ ಚಮಚ ಮಟ್ಟವಾಗಿ, ಅಂದರೆ ಸುಮಾರು 2 ಗ್ರಾಂ ಮಾಚಾವನ್ನು ಚಹಾ ಜರಡಿಯಲ್ಲಿ ಬಟ್ಟಲಿಗೆ ಜರಡಿ ಹಿಡಿಯಿರಿ. ಈ ಹೆಜ್ಜೆಯನ್ನು ಬಿಟ್ಟರೆ ಗಂಟುಗಳು ಕೊನೆಯವರೆಗೂ ಹೋಗುವುದಿಲ್ಲ. ಕುದಿಯುವ ನೀರು ತಾಗಿದರೆ ಮಾಚಾ ಕಹಿಯಾಗುತ್ತದೆ. 80 ಡಿಗ್ರಿ ಹದ. ಥರ್ಮಾಮೀಟರ್ ಬೇಕಿಲ್ಲ: ಪುಡಿಯ ಮೇಲೆ ಮೊದಲು 15 ಮಿಲಿಲೀಟರ್ ಸಾಮಾನ್ಯ ನೀರು ಹಾಕಿ ಕಲಸಿ, ಆಮೇಲೆ 40 ಮಿಲಿಲೀಟರ್ ಕುದಿದ ನೀರು ಸೇರಿಸಿ. ಮುಂಬೈಯ ನಲ್ಲಿ ನೀರಿನ ಬಿಸುಪಿಗೆ ಇದು ಸರಿಯಾಗಿ 80ರ ಆಸುಪಾಸಿಗೆ ಬರುತ್ತದೆ. ಪಾಲಿಕೆಯ ನೀರು ಭಾತಸಾ, ವೈತರಣಾ, ತಾನಸಾ ಜಲಾಶಯಗಳಿಂದ ಬರುವಂಥದ್ದು, ಹೆಚ್ಚು ಗಡಸಲ್ಲ, ಚಹಾಕ್ಕೆ ಒಳ್ಳೆಯದು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಕಟ್ಟಡವಾದರೆ ಶುದ್ಧೀಕರಿಸಿದ ನೀರನ್ನೇ ಬಳಸಿ.

ಮಾಚಾ ಕಡೆಯಲು ಬಿದಿರಿನ ಕುಂಚ ಚೆಂದ, ಆದರೆ ಜುಲೈ ತಿಂಗಳ ಮಳೆಯಲ್ಲಿ ಅದು ಒಣಗದೆ ಬೂಸಲು ಹಿಡಿಯುತ್ತದೆ. ಬ್ಯಾಟರಿಯಲ್ಲಿ ತಿರುಗುವ ಪುಟ್ಟ ಕಡೆಗೋಲು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಸ್ಟೌ ಹಚ್ಚಲು ಮನಸ್ಸಿಲ್ಲದ ದಿನ ಜರಡಿ ಹಿಡಿದ ಪುಡಿ, 60 ಮಿಲಿಲೀಟರ್ ತಣ್ಣೀರನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿದರೂ ಆಯಿತು. ಕಹಿ ಇನ್ನೂ ಕಡಿಮೆ, ಐಸ್ ಕರಗುವುದೂ ಕಡಿಮೆ.

ಸಿಹಿ ಬೇಕಾದರೆ ಸಕ್ಕರೆ ಪಾಕವನ್ನು ಹಾಲಿಗೆ ಬೆರೆಸಿ, ಮಾಚಾಕ್ಕಲ್ಲ. ಸಿಹಿ ಹಾಲು ಭಾರವಾಗಿ ಕೆಳಗೆ ನಿಲ್ಲುತ್ತದೆ, ಹಸಿರು ಮೇಲೆ ಪದರವಾಗಿ ಕೂರುತ್ತದೆ. ಬೆಲ್ಲದ ಗಾಢ ರುಚಿ ಮಾಚಾವನ್ನು ನುಂಗುತ್ತದೆ, ಅದನ್ನು ಬೇರೆ ಪಾನಕಕ್ಕೆ ಇಟ್ಟುಕೊಳ್ಳಿ. ಲೋಟದ ತುಂಬ ಐಸ್, 180 ಮಿಲಿಲೀಟರ್ ತಣ್ಣನೆಯ ಹಾಲು, ಮೇಲಿಂದ ನಿಧಾನಕ್ಕೆ ಮಾಚಾ. ಐಸ್ ಕಡಿಮೆ ಹಾಕಿದರೆ ಬೇಗ ಕರಗಿ ಹೆಚ್ಚು ನೀರಾಗುತ್ತದೆ; ಕೈ ಬಿಗಿ ಹಿಡಿಯಬೇಡಿ.

ಮಾಚಾ ಡಬ್ಬಿಯನ್ನು ಗಾಳಿ ಬೆಳಕು ತಾಗದಂತೆ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಕೂಡಲೇ ತೆರೆದರೆ ಇಲ್ಲಿನ ತೇವದ ಗಾಳಿ ತಣ್ಣನೆಯ ಪುಡಿಯ ಮೇಲೆ ಹನಿಯಾಗಿ ಕೂತು ಗಂಟು ಕಟ್ಟಿಸುತ್ತದೆ. ಡಬ್ಬಿಯ ತಣ್ಪು ಬಿಟ್ಟ ಮೇಲೆ ಮುಚ್ಚಳ ತೆಗೆಯಿರಿ. ತೆರೆದ ಡಬ್ಬಿಯನ್ನು ಒಂದೆರಡು ತಿಂಗಳಲ್ಲಿ ಮುಗಿಸಿ. ರುಬ್ಬಿದ ಗೋಡಂಬಿ ಹಾಲು ಫ್ರಿಜ್ಜಿನಲ್ಲಿ ಎರಡು ದಿನ, ಕುದಿಸಿದ ಸೋಯಾ ಮೂರು ದಿನ ತಾಳುತ್ತದೆ. ಊಟದ ಜೊತೆಗೇ ಮಾಚಾ ಕುಡಿಯಬೇಡಿ, ಚಹಾದ ಒಗರು ಅಂಶಗಳು ಸೊಪ್ಪು ಬೇಳೆಯ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ಒಂದು ಗಂಟೆ ಬಿಡುವಿರಲಿ. ನೆಂಟರಿಗೆ ಕೊಡುವಾಗ ಗೋಡಂಬಿ, ಬಾದಾಮಿ ಅಥವಾ ಸೋಯಾ ಒಗ್ಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಒಗ್ಗದವರಿಗಾಗಿ ಓಟ್ಸ್ ಹಾಲಿನ ಒಂದು ಪೊಟ್ಟಣ ಕಪಾಟಿನಲ್ಲಿ ಇರಲಿ.